ಜೊತೆಗೂಡಿ ಬರೆದ ಮೇಷ್ಟ್ರು

ದೊಡ್ಡ ದೊಡ್ಡ ಕಂಪನಿಗಳ ಮುಖ್ಯಸ್ಥರಿಗೆ ಬುದ್ಧಿ ಹೇಳುತ್ತಿದ್ದ ಪ್ರಾಧ್ಯಾಪಕ ತನ್ನ ವಿದ್ಯಾರ್ಥಿಗಳನ್ನು ಅಟ್ಟಿದ್ದು ಸೋಯಾಬೀನ್ ಬೆಳೆಯುವ ಹಳ್ಳಿಗೆ, ಕಣ್ಣಿನ ಆಸ್ಪತ್ರೆಗೆ, ಕೃತಕ ಕಾಲು ಮಾಡುವ ಕಾರ್ಯಾಗಾರಕ್ಕೆ. ಕನ್ನಡ ಮನೆಮಾತಿನ ಸಿ.ಕೆ. ಪ್ರಹ್ಲಾದ್ ಶಿಷ್ಯರನ್ನು ಕೇಳುಗರಾಗಿ ಕೂರಿಸಲಿಲ್ಲ, ಕೆಲಸದಲ್ಲಿ ಪಾಲುದಾರರನ್ನಾಗಿ ಮಾಡಿಕೊಂಡರು. ಎಂಬಿಎ ಸೀಟಿಗಾಗಿ ಅಲೆಯುವವರಿಗೆಂದು, ಆ ಮೇಷ್ಟ್ರ ಕಥೆ.

ಮಧ್ಯಪ್ರದೇಶದ ಸೋಯಾಬೀನ್ ಸೀಮೆಯ ಒಂದು ಹಳ್ಳಿ, 2000ದ ದಶಕದ ಆರಂಭದ ವರ್ಷಗಳು. ರೈತರೊಬ್ಬರ ಮನೆಯ ಮೇಜಿನ ಮೇಲೆ ಕಂಪ್ಯೂಟರ್. ಸೂರಿನ ಮೇಲೆ ಡಿಶ್ ಆಂಟೆನಾ. ಕರೆಂಟ್ ಕೈಕೊಟ್ಟರೆ ಇರಲಿ ಎಂದು ಬಿಸಿಲಿಗೆ ಚಾರ್ಜ್ ಆಗುವ ಬ್ಯಾಟರಿ.

ನೆರೆಯ ರೈತ ಹಿಡಿ ಕಾಳು ತಂದು ಮುಂದಿಡುತ್ತಾನೆ. ಮನೆಯೊಡೆಯ ಅದನ್ನು ಅಂಗೈಯಲ್ಲಿ ಹರಡಿ ಕಲ್ಲು-ಕಸ ನೋಡುತ್ತಾನೆ, ತೇವ ಎಷ್ಟಿದೆ ಎಂದು ಅಂದಾಜು ಮಾಡುತ್ತಾನೆ, ಪರದೆಯ ಮೇಲಿನ ರೇಟು ಓದಿ ಹೇಳುತ್ತಾನೆ. ಒಪ್ಪಿದರೆ ಒಂದು ಚೀಟಿ. ಅದನ್ನು ಹಿಡಿದು ಕಂಪನಿಯ ಖರೀದಿ ಕೇಂದ್ರಕ್ಕೆ ಹೋದರೆ ಎಲೆಕ್ಟ್ರಾನಿಕ್ ತೂಕ, ಕೈಗೆ ಪೂರ್ತಿ ದುಡ್ಡು, ಮೇಲೆ ಸಾಗಣೆ ಖರ್ಚು.

ಒಪ್ಪದಿದ್ದರೆ ಹಳೆಯ ದಾರಿ ಇದ್ದೇ ಇದೆ: ಮಂಡಿ. ಅಲ್ಲಿ ಗಾಡಿ ಹೂಡಿಕೊಂಡು ಸರದಿಗೆ ಕಾಯಬೇಕು. ಹರಾಜು ಮುಗಿದ ಮೇಲೆ ಚೀಲ ತುಂಬುವಾಗ ಒಂದಿಷ್ಟು ನೆಲದ ಪಾಲು, ತಕ್ಕಡಿಯಲ್ಲಿ ಒಂದಿಷ್ಟು ಕಳ್ಳತೂಕದ ಪಾಲು. ರೇಟು ಹಿಡಿಸಲಿಲ್ಲವೆಂದು ಗಾಡಿ ತಿರುಗಿಸಿಕೊಂಡು ಊರಿಗೆ ಬಂದರೆ ಬಾಡಿಗೆಯೂ ನಷ್ಟ. ಹಾಗಾಗಿ ಕೇಳಿದ ಬೆಲೆಗೆ ಕೊಟ್ಟು ಬರುವುದೇ ರೂಢಿ.

ಇದೆಲ್ಲವನ್ನೂ ಹಂತ ಹಂತವಾಗಿ ಗುರುತು ಹಾಕಿಕೊಂಡು, ಯಾವ ಹಂತದಲ್ಲಿ ರೈತ ಎಷ್ಟು ಕಳೆದುಕೊಳ್ಳುತ್ತಾನೆಂದು ಲೆಕ್ಕ ಬರೆದವರು ಸರ್ಕಾರಿ ಸಮೀಕ್ಷೆಯವರಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಎಂಬಿಎ ವಿದ್ಯಾರ್ಥಿಗಳು. ಐಟಿಸಿ ಕಂಪನಿ 2000ದಲ್ಲಿ ಆರಂಭಿಸಿದ ‘ಇ-ಚೌಪಾಲ್’ ಹೇಗೆ ನಡೆಯುತ್ತದೆಂದು ತಿಳಿಯುವುದೇ ಅವರಿಗೆ ಕೊಟ್ಟ ಕೆಲಸ. ಕೊಟ್ಟವರು ಕೊಯಮತ್ತೂರು ಕೃಷ್ಣರಾವ್ ಪ್ರಹ್ಲಾದ್. ಜಗತ್ತಿಗೆ ಸಿ.ಕೆ.; ಅವರ ಸುತ್ತಲಿನವರಿಗೂ ಬರೀ ಸಿ.ಕೆ.

### ಹನ್ನೊಂದು ಮಕ್ಕಳ ಮನೆ

ಕರ್ನಾಟಕದಲ್ಲಿ ಪ್ರತಿ ವರ್ಷ ಎಂಬಿಎ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿಯ ಗದ್ದಲ. ಎಂಬಿಎ ಕಾಲೇಜುಗಳ ಫ್ಲೆಕ್ಸ್‌ಗಳಲ್ಲಿ ನಗುಮುಖದ ಹುಡುಗ-ಹುಡುಗಿಯರು, ಅವರ ಕೆಳಗೆ ಲಕ್ಷಗಳ ಪ್ಯಾಕೇಜು. ಕಟ್ಟಡ ಕಾಣುತ್ತದೆ, ಎಸಿ ಆಡಿಟೋರಿಯಂ ಕಾಣುತ್ತದೆ, ಮೇಷ್ಟ್ರು ಮಾತ್ರ ಎಲ್ಲೂ ಕಾಣುವುದಿಲ್ಲ. ಮ್ಯಾನೇಜ್‌ಮೆಂಟ್ ಪಾಠ ಹೇಳುವವರು ಯಾರು, ಅವರು ಮಕ್ಕಳನ್ನು ಹೇಗೆ ಬೆಳೆಸುತ್ತಾರೆ ಎಂಬ ಪ್ರಶ್ನೆ ನಮ್ಮಲ್ಲಿ ಏಳುವುದೇ ಕಡಿಮೆ. ಪ್ರಹ್ಲಾದ್ ನೆನಪಾಗಬೇಕಾದದ್ದು ಇಲ್ಲಿ.

ಹುಟ್ಟಿದ್ದು 1941ರ ಆಗಸ್ಟ್ 8ರಂದು, ಕೊಯಮತ್ತೂರಿನಲ್ಲಿ. ಕನ್ನಡ ಮನೆಮಾತಿನ ಮಾಧ್ವ ಕುಟುಂಬ. ಹನ್ನೊಂದು ಮಕ್ಕಳಲ್ಲಿ ಒಂಬತ್ತನೆಯವರು. ತಂದೆ ನ್ಯಾಯಾಧೀಶರು, ಜೊತೆಗೆ ಸಂಸ್ಕೃತ ವಿದ್ವಾಂಸರು.

ಮದರಾಸಿನ ಲಯೋಲಾ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, 19ನೇ ವಯಸ್ಸಿಗೆ ಯೂನಿಯನ್ ಕಾರ್ಬೈಡ್ ಕಂಪನಿಯ ಬ್ಯಾಟರಿ ಕಾರ್ಖಾನೆ ಸೇರಿದರು. ನಾಲ್ಕು ವರ್ಷ ಅಲ್ಲಿ ದುಡಿದರು. ತಮ್ಮ ಬದುಕಿಗೆ ತಿರುವು ಕೊಟ್ಟದ್ದು ಈ ನಾಲ್ಕು ವರ್ಷ ಎಂದು ಮುಂದೆ ಹೇಳಿಕೊಂಡರು. ಪುಸ್ತಕದ ಮ್ಯಾನೇಜ್‌ಮೆಂಟ್ ಓದುವ ಮೊದಲೇ ಶಾಪ್ ಫ್ಲೋರಿನ ಸದ್ದು ಕೇಳಿದ್ದ ಮನುಷ್ಯ ಅವರು.

ಅಹಮದಾಬಾದಿನ ಐಐಎಂ ಶುರುವಾದದ್ದು 1961ರಲ್ಲಿ. ಅಲ್ಲಿನ ಸ್ನಾತಕೋತ್ತರ ಕೋರ್ಸಿನ ಮೊಟ್ಟಮೊದಲ ಬ್ಯಾಚಿನಲ್ಲಿ ಪ್ರಹ್ಲಾದ್ ಇದ್ದರು, 1966ರಲ್ಲಿ ಹೊರಬಂದರು. ಆ ಮೇಲೆ ಹಾರ್ವರ್ಡ್. ಬಹುರಾಷ್ಟ್ರೀಯ ಕಂಪನಿಗಳ ಆಡಳಿತದ ಬಗ್ಗೆ ಬರೆದ ಡಾಕ್ಟರೇಟ್ ಪ್ರಬಂಧವನ್ನು ಎರಡೂವರೆ ವರ್ಷದಲ್ಲೇ ಮುಗಿಸಿದರು, 1975ರಲ್ಲಿ ಪದವಿ. ಓದಿದ ಐಐಎಂಗೇ ಮರಳಿ ಪಾಠ ಹೇಳಿದರು. ಸ್ವಲ್ಪ ಕಾಲಕ್ಕೇ ಮಿಷಿಗನ್‌ನ ಆ್ಯನ್ ಆರ್ಬರ್‌ಗೆ ಹೊರಟರು. ಇಂದು ರಾಸ್ ಸ್ಕೂಲ್ ಎಂದು ಕರೆಸಿಕೊಳ್ಳುವ ಅಲ್ಲಿನ ಬಿಸಿನೆಸ್ ಸ್ಕೂಲೇ ಕೊನೆಯವರೆಗೂ ಅವರ ಕರ್ಮಭೂಮಿ.

### ಶಿಷ್ಯನ ಹೆಸರೂ ಮುಖಪುಟದಲ್ಲಿ

ಪ್ರಹ್ಲಾದ್ ಬರೆದ ಮುಖ್ಯ ಲೇಖನ, ಪುಸ್ತಕಗಳನ್ನು ಸಾಲಾಗಿ ಇಟ್ಟು ನೋಡಿ. ಒಂದು ಸಂಗತಿ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಬಹುತೇಕ ಎಲ್ಲದರ ಮೇಲೂ ಎರಡು ಹೆಸರು.

ಗ್ಯಾರಿ ಹ್ಯಾಮೆಲ್ ಅವರದೇ ಎಲ್ಲಕ್ಕಿಂತ ದೊಡ್ಡ ಉದಾಹರಣೆ. ಆಸ್ಪತ್ರೆಯೊಂದರ ಆಡಳಿತಗಾರರಾಗಿದ್ದ ಹ್ಯಾಮೆಲ್ ಪಿಎಚ್‌ಡಿ ಮಾಡಲು ಮಿಷಿಗನ್‌ಗೆ ಬಂದವರು. ಪ್ರಹ್ಲಾದ್ ಅಲ್ಲಿ ಮೇಷ್ಟ್ರು. ಈ ಗುರು-ಶಿಷ್ಯರು ಸೇರಿ 1989ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂಗೆ ‘ಸ್ಟ್ರಾಟಜಿಕ್ ಇಂಟೆಂಟ್’ ಬರೆದರು, 1990ರಲ್ಲಿ ‘ದಿ ಕೋರ್ ಕಾಂಪಿಟೆನ್ಸ್ ಆಫ್ ದಿ ಕಾರ್ಪೊರೇಷನ್’ ಬರೆದರು. 1994ರಲ್ಲಿ ‘ಕಾಂಪೀಟಿಂಗ್ ಫಾರ್ ದಿ ಫ್ಯೂಚರ್’ ಪುಸ್ತಕ ಬಂತು. ಇಂದು ಯಾವ ಎಂಬಿಎ ತರಗತಿಗೆ ಹೋದರೂ ‘ಕೋರ್ ಕಾಂಪಿಟೆನ್ಸ್’ ಎಂಬ ಮಾತು ಕಿವಿಗೆ ಬೀಳುತ್ತದೆ. ಅದು ಬಂದದ್ದು ಈ ಜೋಡಿಯಿಂದ.

ಮಾತು ಸರಳ. ಕಂಪನಿಯನ್ನು ಒಂದು ಮರ ಎಂದುಕೊಳ್ಳಿ ಎಂದರು. ಗಿರಾಕಿಗೆ ಕಾಣುವುದು ಎಲೆ, ಹೂವು, ಹಣ್ಣು. ಅವನ್ನು ಸಾಕುವುದು ಬೇರು. ಹೋಂಡಾ ಕಂಪನಿ ಕಾರು ಮಾಡುತ್ತದೆ, ಬೈಕು ಮಾಡುತ್ತದೆ, ಜನರೇಟರ್ ಮಾಡುತ್ತದೆ, ಹುಲ್ಲು ಕತ್ತರಿಸುವ ಯಂತ್ರ ಮಾಡುತ್ತದೆ. ಬೇರಿನಲ್ಲಿರುವುದು ಒಂದೇ, ಎಂಜಿನ್ ಕಟ್ಟುವ ಜಾಣ್ಮೆ. ಎಲೆ ಎಣಿಸುತ್ತ ಕೂತ ಕಂಪನಿ ಬೇರನ್ನು ಮರೆಯುತ್ತದೆ.

ಲೇಖನ ಇದಕ್ಕೆ ಎರಡು ಕಂಪನಿಗಳ ಸಾಕ್ಷಿ ಕೊಟ್ಟಿತು. 1980ರಲ್ಲಿ ಅಮೆರಿಕದ ಜಿಟಿಇ ವಹಿವಾಟು ಸುಮಾರು 1,000 ಕೋಟಿ ಡಾಲರ್, ಜಪಾನಿನ ಎನ್‌ಇಸಿಯದು 380 ಕೋಟಿ. ಎಂಟು ವರ್ಷ ಕಳೆಯುವಷ್ಟರಲ್ಲಿ ಲೆಕ್ಕ ತಲೆಕೆಳಗು: ಜಿಟಿಇ ಸುಮಾರು 1,650 ಕೋಟಿ, ಎನ್‌ಇಸಿ ಸುಮಾರು 2,190 ಕೋಟಿ. ಒಬ್ಬರು ಬೇರೆ ಬೇರೆ ವ್ಯಾಪಾರಗಳನ್ನು ಕೊಳ್ಳುತ್ತ, ಮಾರುತ್ತ ಹೋದರು. ಇನ್ನೊಬ್ಬರು ಚಿಪ್, ಕಂಪ್ಯೂಟರ್, ದೂರಸಂಪರ್ಕ ಮೂರನ್ನೂ ಹೆಣೆಯುವ ವಿದ್ಯೆ ಬೆಳೆಸಿಕೊಂಡರು.

ಹ್ಯಾಮೆಲ್ ಒಬ್ಬರೇ ಅಲ್ಲ. ಹಾರ್ವರ್ಡ್‌ನಲ್ಲೇ ಓದಿದ ಇವ್ ದೋಜ್ ಜೊತೆ 1987ರಲ್ಲಿ ಒಂದು ಪುಸ್ತಕ. ಮಿಷಿಗನ್‌ನ ವೆಂಕಟ್ ರಾಮಸ್ವಾಮಿ ಜೊತೆ 2004ರಲ್ಲಿ ‘ದಿ ಫ್ಯೂಚರ್ ಆಫ್ ಕಾಂಪಿಟಿಷನ್’. ಅಲ್ಲಿನವರೇ ಆದ ಎಂ.ಎಸ್. ಕೃಷ್ಣನ್ ಜೊತೆ 2008ರಲ್ಲಿ ‘ದಿ ನ್ಯೂ ಏಜ್ ಆಫ್ ಇನ್ನೋವೇಷನ್’. ಸಹಲೇಖಕರಿಲ್ಲದೆ ಒಬ್ಬರೇ ಹೆಸರು ಹಾಕಿಕೊಂಡ ದೊಡ್ಡ ಪುಸ್ತಕ ಎಂದರೆ 2004ರ ‘ದಿ ಫಾರ್ಚೂನ್ ಅಟ್ ದಿ ಬಾಟಮ್ ಆಫ್ ದಿ ಪಿರಮಿಡ್’. ಅದರಲ್ಲೂ ಗಣನೀಯ ಭಾಗ ವಿದ್ಯಾರ್ಥಿಗಳು ಊರೂರು ಸುತ್ತಿ ತಂದ ಕೇಸ್ ಸ್ಟಡಿಗಳು. ಅವರು ಚಿತ್ರೀಕರಿಸಿ ತಂದ ವಿಡಿಯೊಗಳ ಸಿಡಿ ಕೂಡ ಪುಸ್ತಕದ ಜೊತೆ ಬಂತು.

ನಮ್ಮ ವಿಶ್ವವಿದ್ಯಾಲಯಗಳ ಕಾರಿಡಾರುಗಳಲ್ಲಿ ಓಡಾಡಿದವರಿಗೆ ಇದರ ಬೆಲೆ ಗೊತ್ತು. ಗೈಡಿನ ಮನೆಗೆ ತರಕಾರಿ ತಂದುಕೊಟ್ಟ ಸಂಶೋಧನಾ ವಿದ್ಯಾರ್ಥಿಗಳ ಕಥೆಗಳು ಅಲ್ಲಿ ಎಷ್ಟು ಬೇಕಾದರೂ ಸಿಗುತ್ತವೆ. ಗೈಡಿನ ಜೊತೆ ಸಮಸಮನಾಗಿ ಕೂತು ಜಗಳವಾಡಿ ಬರೆದವರ ಕಥೆಗಳು ಬಲು ಅಪರೂಪ. ಶಿಷ್ಯನನ್ನು ಬೆಳೆಸುವುದೆಂದರೆ ಬೆನ್ನು ತಟ್ಟುವುದು, ಶಿಫಾರಸು ಪತ್ರ ಬರೆದುಕೊಡುವುದು ಎಂದು ನಾವು ತಿಳಿದಿದ್ದೇವೆ. ಪ್ರಹ್ಲಾದ್ ಹಿಡಿದ ದಾರಿ ಇದಕ್ಕಿಂತ ಕಷ್ಟದ್ದು. ತಮ್ಮ ಕೈಯಲ್ಲಿದ್ದ ಅತ್ಯಂತ ಮುಖ್ಯವಾದ ಕೆಲಸವನ್ನೇ ಕಿರಿಯರ ಜೊತೆ ಹಂಚಿಕೊಳ್ಳುವುದು, ಆಮೇಲೆ ಬಂದ ಕೀರ್ತಿಯನ್ನೂ ಹಂಚಿಕೊಳ್ಳುವುದು.

---

ಬಾಕ್ಸ್ 1: ಹೆಜ್ಜೆ ಗುರುತು

1941 ಕೊಯಮತ್ತೂರಿನಲ್ಲಿ ಜನನ

1966 ಐಐಎಂ ಅಹಮದಾಬಾದ್, ಮೊದಲ ಬ್ಯಾಚ್

1975 ಹಾರ್ವರ್ಡ್‌ನಿಂದ ಡಾಕ್ಟರೇಟ್

1986 ರಿಚರ್ಡ್ ಬೆಟಿಸ್ ಜೊತೆ ‘ಡಾಮಿನೆಂಟ್ ಲಾಜಿಕ್’ ಲೇಖನ: ಹಳೆಯ ಗೆಲುವೇ ಮ್ಯಾನೇಜರನ ಯೋಚನೆಗೆ ಬೇಲಿಯಾಗುವ ಬಗೆ

1990 ಗ್ಯಾರಿ ಹ್ಯಾಮೆಲ್ ಜೊತೆ ‘ಕೋರ್ ಕಾಂಪಿಟೆನ್ಸ್’

2000 ಸ್ಯಾನ್ ಡಿಯಾಗೊದಲ್ಲಿ ‘ಪ್ರಜಾ’ ಸಾಫ್ಟ್‌ವೇರ್ ಕಂಪನಿ

2004 ‘ಬಾಟಮ್ ಆಫ್ ದಿ ಪಿರಮಿಡ್’ ಪುಸ್ತಕ

2007, 2009 ಜಗತ್ತಿನ ಮ್ಯಾನೇಜ್‌ಮೆಂಟ್ ಚಿಂತಕರ ‘ಥಿಂಕರ್ಸ್ 50’ ಪಟ್ಟಿಯಲ್ಲಿ ಮೊದಲ ಸ್ಥಾನ

2009 ಪದ್ಮಭೂಷಣ

2010 ಏಪ್ರಿಲ್ 16ರಂದು ಸ್ಯಾನ್ ಡಿಯಾಗೊದಲ್ಲಿ ನಿಧನ

---

### ಕ್ರಿಸ್‌ಮಸ್ ರಜೆಯ ಕೊರೆತ

ಬಡವರ ವಿಚಾರ ಪ್ರಹ್ಲಾದ್ ಅವರ ತಲೆಗೆ ಹೊಕ್ಕದ್ದು 1995ರ ಕ್ರಿಸ್‌ಮಸ್ ರಜೆಯಲ್ಲಿ. ಸುತ್ತ ಹಬ್ಬದ ಸಡಗರ. ಜಗತ್ತಿನ ಕಡುಬಡವರಿಗಾಗಿ ನಾವು ಏನು ಮಾಡುತ್ತಿದ್ದೇವೆ ಎಂಬ ಪ್ರಶ್ನೆ ಆಗ ಕೊರೆಯತೊಡಗಿತು ಎಂದು ‘ಬಾಟಮ್ ಆಫ್ ದಿ ಪಿರಮಿಡ್’ ಪುಸ್ತಕದ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ಅಷ್ಟು ಹೊತ್ತಿಗೆ ಅವರು ಹೆಸರಾಂತ ಪ್ರಾಧ್ಯಾಪಕ. ಸಂಕಟದಲ್ಲಿದ್ದ ಫಿಲಿಪ್ಸ್‌ನಂಥ ಕಂಪನಿಗೆ ಸಲಹೆ ಕೊಟ್ಟವರು. ಅದೇ ಗಾಡಿಯಲ್ಲಿ ಸುಖವಾಗಿ ಸಾಗಬಹುದಿತ್ತು.

ಹಾಗೆ ಮಾಡಲಿಲ್ಲ. ಪ್ರಾಧ್ಯಾಪಕ ಸ್ಟೂವರ್ಟ್ ಹಾರ್ಟ್ ಜೊತೆ ಕೂತು ಲೇಖನವೊಂದನ್ನು ಸಿದ್ಧಪಡಿಸಿದರು. ಬಡವರನ್ನು ದಾನ ಪಡೆಯುವವರೆಂದು ನೋಡಬೇಡಿ. ಅವರೂ ಅಳೆದು-ಸುರಿದು ಕೊಳ್ಳುವ ಗಿರಾಕಿಗಳು, ಹೊಸದನ್ನು ಕಟ್ಟಬಲ್ಲ ಉದ್ಯಮಿಗಳು ಎನ್ನುವುದು ವಾದ. ಕರಡು ಕೈಯಿಂದ ಕೈಗೆ ಹೋಯಿತು, ತಿದ್ದುಪಡಿಯಾಯಿತು, ಮತ್ತೆ ತಿದ್ದುಪಡಿಯಾಯಿತು. ವರ್ಷಗಳ ಕಾಲ ಯಾವ ಪತ್ರಿಕೆಯೂ ಅಚ್ಚು ಹಾಕಲಿಲ್ಲ. ಕೊನೆಗೆ ‘ಸ್ಟ್ರಾಟಜಿ ಪ್ಲಸ್ ಬಿಸಿನೆಸ್’ನಲ್ಲಿ 2002ರಲ್ಲಿ ಪ್ರಕಟವಾಯಿತು. ಕೋರ್ ಕಾಂಪಿಟೆನ್ಸ್ ಬರೆದವರ ಲೇಖನಕ್ಕೇ ಈ ಗತಿ ಎಂದರೆ, ಮೊದಲ ಲೇಖನ ವಾಪಸು ಬಂದಿತೆಂದು ಮುಖ ಸಪ್ಪೆ ಮಾಡಿಕೊಂಡ ಸಂಶೋಧನಾ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇಕೇ?

ವಾದ ಅಚ್ಚಾಯಿತು. ಅದಕ್ಕೆ ಸಾಕ್ಷಿ ಬೇಕಲ್ಲ? ಆಗ ವಿದ್ಯಾರ್ಥಿಗಳು ಹೊರಟರು.

ಅವರಿಗೆ ಸಿಕ್ಕ ಜಾಗಗಳಲ್ಲಿ ಒಂದು ಮದುರೆಯ ಅರವಿಂದ ಕಣ್ಣಾಸ್ಪತ್ರೆ. ಡಾ. ಜಿ. ವೆಂಕಟಸ್ವಾಮಿ ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ, 1976ರಲ್ಲಿ, 11 ಹಾಸಿಗೆಗಳಿಂದ ಶುರುಮಾಡಿದ ಆಸ್ಪತ್ರೆ. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿದ್ದರೂ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡುವುದನ್ನು ಕಲಿತವರು ಅವರು. ಆಪರೇಷನ್ ಕೋಣೆಯಲ್ಲಿ ಒಬ್ಬ ವೈದ್ಯರಿಗೆ ಎರಡು ಮೇಜು. ಒಂದರ ಮೇಲೆ ಪೊರೆ ತೆಗೆಯುತ್ತಿರುವಾಗಲೇ ಪಕ್ಕದ ಮೇಜಿನ ಮೇಲೆ ಮುಂದಿನ ರೋಗಿ ಸಿದ್ಧ. ಮೊದಲಿನದು ಮುಗಿದೊಡನೆ ವೈದ್ಯರು ಸೂಕ್ಷ್ಮದರ್ಶಕವನ್ನು ಆಚೆ ತಿರುಗಿಸಿಕೊಂಡರಾಯಿತು. ದುಡ್ಡು ಕೊಡುವವರಿಂದ ಬಂದ ಆದಾಯದಲ್ಲಿ ಕೊಡಲಾಗದವರ ಚಿಕಿತ್ಸೆಯೂ ನಡೆಯುತ್ತದೆ. ವೈದ್ಯರು ಮಾತ್ರ ಇಬ್ಬರಿಗೂ ಅವರೇ.

ಇನ್ನೊಂದು ಜಾಗ ಜೈಪುರ. ಮೂಳೆ ವೈದ್ಯ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ರೂಪಿಸಿದ ಜೈಪುರ ಕಾಲು. ಪಾಶ್ಚಾತ್ಯ ದೇಶಗಳ ಕೃತಕ ಕಾಲಿಗೆ ಬೂಟು ಬೇಕು, ಸಮತಟ್ಟು ನೆಲ ಬೇಕು. ನಮ್ಮ ರೈತ ಕುಕ್ಕರುಗಾಲಲ್ಲಿ ಕೂರಬೇಕು, ಚಕ್ಕಳಮಕ್ಕಳ ಹಾಕಬೇಕು, ಕೆಸರು ಗದ್ದೆಗೆ ಬರಿಗಾಲಲ್ಲಿ ಇಳಿಯಬೇಕು. ಅದಕ್ಕೆ ತಕ್ಕ ಹಾಗೆ ರಬ್ಬರು, ಮರ ಬಳಸಿ ಮಾಡಿದ ಈ ಕಾಲಿನ ಖರ್ಚು ಆಗ ಸುಮಾರು 30 ಡಾಲರ್. ಅಮೆರಿಕದಲ್ಲಿ ಒಂದು ಕಾಲಿಗೆ ಸಾವಿರಾರು ಡಾಲರ್.

ಬ್ರೆಜಿಲ್‌ನಲ್ಲಿ ಬಡವರಿಗೆ ಕಂತಿನ ಮೇಲೆ ಸಾಮಾನು ಮಾರುವ ಅಂಗಡಿ, ಮೆಕ್ಸಿಕೊದಲ್ಲಿ ಬಡವರು ಗುಂಪು ಕಟ್ಟಿಕೊಂಡು ಉಳಿಸಿ ಕೋಣೆ ಕೋಣೆಯಾಗಿ ಮನೆ ಕಟ್ಟುವ ಸಿಮೆಂಟ್ ಕಂಪನಿಯ ಯೋಜನೆ ಕೂಡ ಪಟ್ಟಿಯಲ್ಲಿದ್ದವು. ಆ ವರ್ಷಗಳಲ್ಲಿ ಬಿ-ಸ್ಕೂಲ್ ಓದು ಎಂದರೆ ವಾಲ್ ಸ್ಟ್ರೀಟ್ ಕಡೆಗೆ ಮುಖ. ಈ ಹುಡುಗರು ಪೂರ್ವಕ್ಕೆ, ದಕ್ಷಿಣಕ್ಕೆ ವಿಮಾನ ಹತ್ತಿದರು.

ಹೋಗಿ ನೋಡಿ ಬನ್ನಿ ಎನ್ನುವುದು ಸುಲಭ. ನೋಡಿ ಬಂದದ್ದನ್ನು ತನ್ನ ಪುಸ್ತಕದ ಬೆನ್ನೆಲುಬಾಗಿ ಇಟ್ಟುಕೊಳ್ಳುವುದಕ್ಕೆ ಎದೆಗಾರಿಕೆ ಬೇಕು. ಹುಡುಗರು ತಪ್ಪಿದರೆ ಹೆಸರು ಕೆಡುವುದು ಮೇಷ್ಟ್ರದೇ. ಪ್ರಹ್ಲಾದ್ ಆ ಅಪಾಯವನ್ನು ಮೈಮೇಲೆ ಎಳೆದುಕೊಂಡರು.

---

ಬಾಕ್ಸ್ 2: ಬೆಂಗಳೂರಿನ ಎರಡು ವಿಳಾಸ

ವೈಟ್‌ಫೀಲ್ಡ್: ಪ್ರಹ್ಲಾದ್ ಅವರ ಸಲಹೆಯೊಂದಿಗೆ ತಾಜ್ ಹೋಟೆಲುಗಳ ಒಡೆಯನಾದ ಇಂಡಿಯನ್ ಹೋಟೆಲ್ಸ್ ಕಂಪನಿ ರೂಪಿಸಿದ ಅಗ್ಗದ ಹೋಟೆಲು 2004ರಲ್ಲಿ ಮೊದಲು ತೆರೆದದ್ದು ಇಲ್ಲಿ. ಆಗಿನ ಹೆಸರು ‘ಇಂಡಿಒನ್’, ಮುಂದೆ ‘ಜಿಂಜರ್’. ಮೊದಲು ಬಾಡಿಗೆ ಎಷ್ಟಿರಬೇಕೆಂದು ತೀರ್ಮಾನ, ಆ ದುಡ್ಡಿನೊಳಗೆ ಏನು ಕೊಡಬಹುದೆಂಬ ಯೋಚನೆ ಆಮೇಲೆ. ಪೆಟ್ಟಿಗೆ ಹೊರುವ ಆಳಿರಲಿಲ್ಲ, ಅತಿಥಿಯೇ ಎತ್ತಿಕೊಳ್ಳಬೇಕಿತ್ತು. ಹಾಸಿಗೆ, ಬಾತ್‌ರೂಮು ಮಾತ್ರ ಚೊಕ್ಕಟ.

ಬೊಮ್ಮಸಂದ್ರ: ಡಾ. ದೇವಿ ಶೆಟ್ಟಿ 2001ರಲ್ಲಿ ಆರಂಭಿಸಿದ ನಾರಾಯಣ ಹೃದಯಾಲಯ. ಹೃದಯ ಶಸ್ತ್ರಚಿಕಿತ್ಸೆಗಳ ಸಂಖ್ಯೆ ಹೆಚ್ಚಿಸುತ್ತ ಒಂದೊಂದರ ವೆಚ್ಚ ಇಳಿಸುವ ಇಲ್ಲಿನ ಕ್ರಮವನ್ನು ಪ್ರಹ್ಲಾದ್ ‘ದಿ ಇನ್ನೋವೇಷನ್ ಸ್ಯಾಂಡ್‌ಬಾಕ್ಸ್’ ಎಂಬ 2006ರ ಲೇಖನದಲ್ಲಿ ಚರ್ಚಿಸಿದರು. ಬೆಲೆ, ಗುಣಮಟ್ಟ, ಸಂಖ್ಯೆಗಳ ಗಡಿ ಮೊದಲೇ ಗೆರೆ ಎಳೆದುಕೊಂಡರೆ ಹೊಸ ಉಪಾಯ ತಾನಾಗಿ ಹುಟ್ಟುತ್ತದೆ ಎನ್ನುವುದು ಆ ಲೇಖನದ ತಿರುಳು.

---

### ಸೋತ ಪಾಠವೂ ಪಾಠವೇ

ಪಾಠ ಹೇಳುವವನಿಗೆ ವ್ಯಾಪಾರ ಮಾಡಲು ಬರುತ್ತದೆಯೇ ಎಂದು ಬಿಸಿನೆಸ್ ಮೇಷ್ಟ್ರುಗಳನ್ನು ಜನ ಕೆಣಕುವುದುಂಟು. ಪ್ರಹ್ಲಾದ್ ಆ ಪರೀಕ್ಷೆಗೂ ಕೂತರು. 2000ದಲ್ಲಿ, ಅರವತ್ತರ ಅಂಚಿನಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ‘ಪ್ರಜಾ’ ಎಂಬ ಸಾಫ್ಟ್‌ವೇರ್ ಕಂಪನಿಯ ಚುಕ್ಕಾಣಿ ಹಿಡಿದರು. ಸಾಮಾನ್ಯ ಬಳಕೆದಾರನೇ ಮಾಹಿತಿಯೊಳಗೆ ತನಗೆ ಬೇಕಾದ ಹಾಗೆ ಓಡಾಡಬೇಕು ಎಂಬ ದೊಡ್ಡ ಕನಸು ಅದರ ಹಿಂದಿತ್ತು.

ಅಷ್ಟರಲ್ಲಿ ಡಾಟ್‌ಕಾಮ್ ಗುಳ್ಳೆ ಒಡೆಯಿತು. ನೌಕರರನ್ನು ಮನೆಗೆ ಕಳಿಸಬೇಕಾಯಿತು. 2002ರಲ್ಲಿ ಕಂಪನಿ ಟಿಬ್ಕೊ ಎಂಬ ಇನ್ನೊಂದು ಕಂಪನಿಯ ಪಾಲಾಯಿತು. ಪ್ರಹ್ಲಾದ್ ಮತ್ತೆ ಪಾಠಕ್ಕೆ, ಬರವಣಿಗೆಗೆ ತಿರುಗಿದರು. ಬಡವರ ಮಾರುಕಟ್ಟೆಯ ಪುಸ್ತಕ, ರಾಮಸ್ವಾಮಿ ಜೊತೆಗಿನ ಪುಸ್ತಕ, ಥಿಂಕರ್ಸ್ 50ರ ಮೊದಲ ಸ್ಥಾನ, ಪದ್ಮಭೂಷಣ ಎಲ್ಲವೂ ಬಂದದ್ದು ಈ ಸೋಲಿನ ಮೇಲೆ.

### ಅದೇ ಸ್ಕೂಲು, ಎದುರಾಳಿ ಮೇಷ್ಟ್ರು

ಬಡವರ ಮಾರುಕಟ್ಟೆಯ ಪುಸ್ತಕ ಮನೆಮಾತಾಯಿತು. ಅದರ ಮೇಲೆ ಎಲ್ಲಕ್ಕಿಂತ ಗಟ್ಟಿಯಾದ ಪೆಟ್ಟು ಬಿದ್ದದ್ದು ದೂರದ ಯಾವುದೋ ಎಡಪಂಥೀಯ ಪತ್ರಿಕೆಯಿಂದಲ್ಲ, ಅದೇ ಮಿಷಿಗನ್ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕ ಅನೀಲ್ ಕರ್ನಾನಿ ಅವರಿಂದ.

ಕರ್ನಾನಿ 2007ರ ತಮ್ಮ ಲೇಖನದಲ್ಲಿ ಈ ಮಾರುಕಟ್ಟೆಯನ್ನು ಮರೀಚಿಕೆ ಎಂದರು. ಪ್ರಹ್ಲಾದ್ ಹೇಳಿದಷ್ಟು ದುಡ್ಡು ಬಡವರ ಬಳಿ ಇಲ್ಲವೇ ಇಲ್ಲ ಎನ್ನುವುದು ಮೊದಲ ತಕರಾರು. ಚಿಲ್ಲರೆ ಅಂಗಡಿಯ ಬಾಗಿಲಲ್ಲಿ ಸಾಲಾಗಿ ತೂಗುವ ಶಾಂಪೂ ಪೊಟ್ಟಣ ಬಡವಿಯ ಅನುಕೂಲಕ್ಕೆ ತಕ್ಕದ್ದು ನಿಜ, ಆದರೆ ಚಿಕ್ಕದಾಗಿ ಕಟ್ಟಿದ ಮಾತ್ರಕ್ಕೆ ಮಾಲು ಅಗ್ಗವಾಗುವುದಿಲ್ಲ ಎನ್ನುವುದು ಎರಡನೆಯದು. ಬಡವರಿಗೆ ಮಾರುವುದರಿಂದ ಬಡತನ ಹೋಗದು. ಅವರಿಗೆ ಕೆಲಸ ಕೊಡಿ, ಅವರು ಬೆಳೆದದ್ದನ್ನು ಕೊಳ್ಳಿ ಎನ್ನುವುದು ಮೂರನೆಯದು, ಎಲ್ಲಕ್ಕಿಂತ ತೂಕದ್ದು.

ಇಲ್ಲಿ ಮುಜುಗರದ ಸಂಗತಿ ಒಂದಿದೆ. ‘ಫೇರ್ ಆ್ಯಂಡ್ ಲವ್ಲಿ’ ಕ್ರೀಮನ್ನು ಬಡ ಮಹಿಳೆಗೆ ಸಿಕ್ಕ ಆಯ್ಕೆ ಎಂಬಂತೆ ಪ್ರಹ್ಲಾದ್ ಮತ್ತು ಸಹಲೇಖಕ ಅಲೆನ್ ಹ್ಯಾಮಂಡ್ 2004ರ ಲೇಖನವೊಂದರಲ್ಲಿ ಉದಾಹರಿಸಿದ್ದರು. ಅದೇ ಕ್ರೀಮನ್ನು ಹಿಡಿದು ಕರ್ನಾನಿ ಪ್ರತಿವಾದ ಬರೆದರು: ಬಣ್ಣದ ಕೀಳರಿಮೆಯನ್ನು ಬಂಡವಾಳ ಮಾಡಿಕೊಳ್ಳುವುದು ಸಬಲೀಕರಣವೇ? ಆ ಕ್ರೀಮು ಹಿಂದೂಸ್ತಾನ್ ಯೂನಿಲಿವರ್ ಕಂಪನಿಯದು. ಪ್ರಹ್ಲಾದ್ ಆ ಕಂಪನಿಯ ನಿರ್ದೇಶಕ ಮಂಡಳಿಯಲ್ಲಿದ್ದರು. 2020ರಲ್ಲಿ ಕಂಪನಿ ತಾನೇ ‘ಫೇರ್’ ಎಂಬುದನ್ನು ಕಿತ್ತು ಹೆಸರು ಬದಲಿಸಿತು. ಆ ಒಂದು ವಾದದಲ್ಲಿ ಗೆದ್ದವರು ಕರ್ನಾನಿ ಎಂದೇ ಹೇಳಬೇಕು.

ಪೂರ್ತಿ ಪುಸ್ತಕ ಬಿದ್ದುಹೋಯಿತೇ? ಇಲ್ಲ. ವಿದ್ಯಾರ್ಥಿಗಳು ತಂದ ಕೇಸ್‌ಗಳನ್ನು ನೋಡಿ. ಇ-ಚೌಪಾಲ್‌ನಲ್ಲಿ ರೈತ ಮಾರುವವನು, ಕೊಳ್ಳುವುದು ಕಂಪನಿ. ಕರ್ನಾನಿ ಕೇಳಿದ್ದೂ ಅದನ್ನೇ. ಮದುರೆಯ ಆಸ್ಪತ್ರೆಯಲ್ಲಿ ಬಡವನಿಗೆ ಸಿಕ್ಕದ್ದು ಪೊಟ್ಟಣವಲ್ಲ, ದೃಷ್ಟಿ. ಮೇಷ್ಟ್ರ ಘೋಷಣೆಗಿಂತ ಶಿಷ್ಯರು ತಂದ ವಿವರ ಹೆಚ್ಚು ಕಾಲ ಬಾಳಿತು.

ಒಂದೇ ಸೂರಿನಡಿ ಒಬ್ಬ ಮೇಷ್ಟ್ರು ಕಟ್ಟಿದ್ದನ್ನು ಇನ್ನೊಬ್ಬರು ಬಿಚ್ಚಿ ತೋರಿಸುವ ವಾತಾವರಣ ವಿದ್ಯಾರ್ಥಿಯ ಪುಣ್ಯ. ಒಪ್ಪಿಗೆಯಾಗದ್ದನ್ನು ಬಾಯಿಬಿಟ್ಟು ಹೇಳಬೇಕು ಎನ್ನುವುದು ಪ್ರಹ್ಲಾದ್ ಅವರೇ ತರಗತಿಯಲ್ಲಿ ಕೋರ್ಸು ಮುಗಿಸುವಾಗ ಹೇಳುತ್ತಿದ್ದ ಮಾತುಗಳಲ್ಲಿ ಮೊದಲನೆಯದು.

### ಪ್ರತಿ ಕೋರ್ಸಿನ ಕೊನೆಗೆ

ತರಗತಿಯ ಮಾತು ನಮಗೆ ಗೊತ್ತಾದದ್ದು ಅವರೇ ಬರೆದದ್ದರಿಂದ. ಎಂಬಿಎ ಇರಲಿ, ಅನುಭವಿ ಮ್ಯಾನೇಜರುಗಳ ತರಬೇತಿಯಿರಲಿ, ಪ್ರತಿ ಕೋರ್ಸನ್ನೂ ಅವರು ಮುಗಿಸುತ್ತಿದ್ದದ್ದು ಒಂದೇ ವಿಷಯದ ಮೇಲೆ: ಹೊಣೆಯರಿತ ಮ್ಯಾನೇಜರ್ ಹೇಗಿರಬೇಕು. 33 ವರ್ಷ ಬಿಡದೆ ನಡೆಸಿಕೊಂಡು ಬಂದ ಪದ್ಧತಿ. 2010ರ ಜನವರಿ-ಫೆಬ್ರುವರಿಯ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಅಂಕಣದಲ್ಲಿ ಅದನ್ನು ಅಕ್ಷರಕ್ಕಿಳಿಸಿದರು. ಅದಾಗಿ ಕೆಲವೇ ತಿಂಗಳಿಗೆ, 68ನೇ ವಯಸ್ಸಿನಲ್ಲಿ, ತೀರಿಕೊಂಡರು.

---

ಬಾಕ್ಸ್ 3: ಮೇಷ್ಟ್ರ ಮಾತಿನ ಸಾರ

• ಎಲ್ಲರೂ ಹೂಂಗುಟ್ಟಿದರೆಂದು ನೀವೂ ಹೂಂಗುಟ್ಟಬೇಡಿ. ಭಿನ್ನಮತಕ್ಕೆ ಬೆಲೆಯಿದೆ.

• ಕಲಿಯುವುದನ್ನು ನಿಲ್ಲಿಸಬೇಡಿ.

• ಗೆಲುವಿನಲ್ಲಿ ತಗ್ಗಿ ನಡೆಯಿರಿ, ಸೋಲಿನಲ್ಲಿ ಎದೆಗುಂದಬೇಡಿ. ವೃತ್ತಿಯಲ್ಲಿ ಎರಡೂ ಬರುತ್ತವೆ.

• ಇನ್ನೊಬ್ಬರನ್ನು ಬೆಳೆಸಲು ಸಮಯ ಹಾಕಿ.

• ನಿಮಗಿಂತ ಕಷ್ಟದಲ್ಲಿರುವವರ ಜೊತೆ ಬೆರೆಯುವುದನ್ನು ಕಲಿಯಿರಿ.

• ಜನ ಕೇಳುವುದು ಉಪಕಾರವನ್ನಲ್ಲ, ನ್ಯಾಯವಾದ ನಡವಳಿಕೆಯನ್ನು.

• ಸಂಸ್ಥೆ, ವೃತ್ತಿ, ಸಮಾಜ, ಕುಟುಂಬ ಎಲ್ಲಕ್ಕೂ ನಿಷ್ಠೆ ಬೇಕು.

• ಫಲಿತಾಂಶಕ್ಕೆ ಮಾತ್ರವಲ್ಲ, ಅದನ್ನು ತಲುಪಿದ ದಾರಿಗೂ ನೀವೇ ಹೊಣೆ.

• ಓದಿಕೊಂಡ ನೀವು ಜಗತ್ತಿನ ಭಾಗ್ಯವಂತರಲ್ಲಿ ಕೆಲವರು. ಅದು ನೆನಪಿರಲಿ.

• ಜನ ನಿಮ್ಮನ್ನು ಅಳೆಯುವುದು ಮಾಡಿದ್ದರಿಂದ, ಆಡಿದ್ದರಿಂದಲ್ಲ.

---

ಇದನ್ನು ನೀತಿಬೋಧೆ ಎಂದು ಬದಿಗಿಡುವುದು ಸುಲಭ. ಶಾಲೆಯ ಗೋಡೆಗಳ ಮೇಲೂ ಇಂಥ ಮಾತುಗಳಿರುತ್ತವೆ. ಆದರೆ ಪಟ್ಟಿಯ ಕೊನೆಯ ಅಳತೆಗೋಲನ್ನು ಮೇಷ್ಟ್ರಿಗೇ ಹಿಡಿದು ನೋಡಬಹುದು.

ಇನ್ನೊಬ್ಬರನ್ನು ಬೆಳೆಸಿದರೇ? ಮುಖಪುಟದ ಮೇಲಿನ ಎರಡನೇ ಹೆಸರುಗಳು ಉತ್ತರ ಹೇಳುತ್ತವೆ. ಸೋಲಿನಲ್ಲಿ ಎದೆಗುಂದಲಿಲ್ಲವೇ? ಪ್ರಜಾ ಮುಳುಗಿದ ಎರಡು ವರ್ಷಕ್ಕೆ ಎರಡು ಪುಸ್ತಕ ಬಂದವು. ಕಷ್ಟದಲ್ಲಿರುವವರ ಜೊತೆ ಬೆರೆತರೇ? ಇಲ್ಲಿ ಅಂಕ ಪೂರ್ತಿ ಸಿಗುವುದಿಲ್ಲ. ಕಂಪನಿಯ ಮಂಡಳಿಯಲ್ಲಿ ಕೂತು ಬಡವನನ್ನು ನೋಡಿದಾಗ ಗಿರಾಕಿ ಬೇಗ ಕಾಣುತ್ತಾನೆ, ಕೂಲಿಯವನು ತಡವಾಗಿ ಕಾಣುತ್ತಾನೆ. ಆದರೂ ಬಿ-ಸ್ಕೂಲಿನ ಪಠ್ಯದೊಳಗೆ ಸೋಯಾಬೀನ್ ರೈತನನ್ನು, ಕಣ್ಣು ಕಾಣದ ಮುದುಕಿಯನ್ನು ತಂದು ಕೂರಿಸಿದ ಶ್ರೇಯದಲ್ಲಿ ದೊಡ್ಡ ಪಾಲು ಅವರದು.

### ಸೀಟು ಹಿಡಿಯುವ ಮುನ್ನ

ಈಗ ನಮ್ಮ ಊರಿನ ಮಾತು. ಕೌನ್ಸೆಲಿಂಗಿಗೆ ಮುನ್ನ ಮಗನನ್ನೋ ಮಗಳನ್ನೋ ಕರೆದುಕೊಂಡು ಕಾಲೇಜು ನೋಡಲು ಹೋಗುವ ಅಪ್ಪ-ಅಮ್ಮ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಎರಡೇ: ಫೀಸು ಎಷ್ಟು, ಪ್ಲೇಸ್‌ಮೆಂಟ್ ಎಷ್ಟು. ಕೇಳಬೇಕಾದದ್ದೇ. ಸಾಲ ಮಾಡಿ ಓದಿಸುವವರಿಗೆ ಲೆಕ್ಕ ಬೇಕು.

ಅದರ ಜೊತೆಗೆ ಇನ್ನೂ ಮೂರು ಪ್ರಶ್ನೆ ಸೇರಿಸಿಕೊಳ್ಳಬಹುದು. ಇಲ್ಲಿನ ಮೇಷ್ಟ್ರು ಕಳೆದ ವರ್ಷ ಯಾರ ಜೊತೆ ಬರೆದರು, ಅದರಲ್ಲಿ ವಿದ್ಯಾರ್ಥಿಗಳ ಹೆಸರಿದೆಯೇ? ಇಂಟರ್ನ್‌ಶಿಪ್ ಎಂದು ಎಲ್ಲಿಗೆ ಕಳಿಸುತ್ತಾರೆ, ಎಪಿಎಂಸಿ ಯಾರ್ಡಿಗೆ, ಹಾಲಿನ ಡೇರಿಗೆ, ಜಿಲ್ಲಾಸ್ಪತ್ರೆಗೆ ಯಾವತ್ತಾದರೂ ಕಳಿಸಿದ್ದಾರೆಯೇ? ಒಬ್ಬ ಮೇಷ್ಟ್ರ ಮಾತನ್ನು ಇನ್ನೊಬ್ಬ ಮೇಷ್ಟ್ರು ಎಲ್ಲರೆದುರು ಅಲ್ಲಗಳೆಯುವ ಸ್ವಾತಂತ್ರ್ಯ ಇಲ್ಲಿ ಇದೆಯೇ?

ರಾಣೆಬೆನ್ನೂರಿನ ಮೆಕ್ಕೆಜೋಳದ ಮಾರುಕಟ್ಟೆಯಲ್ಲಿ ತೂಕಕ್ಕೆ ಮುನ್ನ ಏನು ನಡೆಯುತ್ತದೆ, ರಾಮನಗರದ ರೇಷ್ಮೆಗೂಡಿನ ಹರಾಜಿನಲ್ಲಿ ಬೆಲೆ ಏರುವುದು-ಇಳಿಯುವುದು ಯಾವುದರಿಂದ ಎಂದು ತಿಳಿದುಕೊಂಡು ಬನ್ನಿ ಎಂದು ಮಕ್ಕಳನ್ನು ಅಟ್ಟಲು ಹಾರ್ವರ್ಡ್ ಪದವಿ ಬೇಕಿಲ್ಲ, ದೊಡ್ಡ ಅನುದಾನವೂ ಬೇಕಿಲ್ಲ. ಬಸ್ ಚಾರ್ಜು ಸಾಕು. ಅವರು ತಂದ ವಿವರವನ್ನು ಗಂಭೀರವಾಗಿ ಓದಿ, ತಪ್ಪು ತಿದ್ದಿ, ತಮ್ಮ ಹೆಸರಿನ ಪಕ್ಕದಲ್ಲಿ ಅವರ ಹೆಸರು ಹಾಕಲು ಸಿದ್ಧರಿರುವ ಮೇಷ್ಟ್ರು ಮಾತ್ರ ಬೇಕು. ಅಂಥವರು ಇರುವ ಕಾಲೇಜು ಚಿಕ್ಕ ಊರಿನಲ್ಲಿದ್ದರೂ ಸರಿ, ಫ್ಲೆಕ್ಸ್‌ನಲ್ಲಿ ಹೆಸರಿಲ್ಲದಿದ್ದರೂ ಸರಿ, ಮೊದಲ ಆಯ್ಕೆಯಾಗಿ ಅದನ್ನೇ ತುಂಬಿ.